ಲಗ್ನ ಬಿಡುಗಡೆಯ ಮೊದಲ ಮೆಟ್ಟಲುಗಳು

(ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಮಾಡಿದ ಉಪನ್ಯಾಸ)



ಲಗ್ನದ ಚಪ್ಪರಕ್ಕೆ ಕರೆದರೆ ಊರಿಗೆ ಊರೇ ಬರುತ್ತದೆ. ಲಗ್ನ ಮುರಿದ ಮನೆಯ ಜಗಲಿಗೆ ಮಾತ್ರ ಯಾರೂ ಬರಲೊಲ್ಲರು. ಇಂದು ನಾವು ತಮ್ಮೆದುರು ಎತ್ತಿಕೊಂಡಿರುವ ವಿಷಯವು ಆ ಎರಡನೆಯ ಮನೆಗೆ ಸಂಬಂಧಪಟ್ಟುದು. ಇದು ಸಭೆಯಲ್ಲಿ ಆಡತಕ್ಕ ಮಾತೇ ಎಂದು ಕೆಲವರು ನಮ್ಮನ್ನು ಮೊದಲೇ ಕೇಳಿದ್ದಾರೆ. ಸಭೆಯಲ್ಲಿ ಆಡದೆ ಉಳಿದುದರಿಂದಲೇ ಅಡಿಗೆಮನೆಯ ಮೂಲೆಯಲ್ಲಿಯೂ, ಬಸ್ಸಿನ ನಿಲ್ದಾಣದಲ್ಲಿಯೂ, ಅರೆಬರೆ ತಿಳಿದವರ ಬಾಯಿಂದ ತಪ್ಪುತಪ್ಪಾಗಿ ಈ ಮಾತು ಸಾಗಿ ಬಂದು ಎಷ್ಟೋ ಸಂಸಾರಗಳಿಗೆ ಕೇಡಾಗಿದೆ. ಆದುದರಿಂದ ಸಂಕೋಚವನ್ನು ಬದಿಗಿಟ್ಟು, ಲಗ್ನದಿಂದ ಬಿಡುಗಡೆ ಬೇಡುವ ಗಂಡಾಗಲಿ ಹೆಣ್ಣಾಗಲಿ ಕಾಯಿದೆಯ ದಾರಿಯಲ್ಲಿ ಮೊದಲು ಇಡತಕ್ಕ ಹೆಜ್ಜೆಗಳು ಯಾವುವು ಎಂಬುದನ್ನು ಅರಿಕೆ ಮಾಡಿಕೊಳ್ಳುವೆವು.

ನಾವು ವಕೀಲರಲ್ಲ, ಬಹುಕಾಲ ಮಕ್ಕಳಿಗೆ ಪಾಠ ಹೇಳಿದವರು. ಹಳ್ಳಿಯಲ್ಲಿ ಮೇಷ್ಟ್ರೆಂದರೆ ಕಾಗದ ಬರೆಯುವವರು, ಕಾಗದ ಓದುವವರು, ನ್ಯಾಯ ಹೇಳುವವರು. ಹಾಗೆ ಒಮ್ಮೆ ಈ ಮೂರು ತಾಲ್ಲೂಕುಗಳಲ್ಲೊಂದರ ಹಳ್ಳಿಯಲ್ಲಿ ಗಂಡಹೆಂಡಿರ ಜಗಳವೊಂದು ಪಂಚಾಯಿತಿಗೆ ಬಂದಿತು. ಇಬ್ಬರಿಗೂ ಕೂಡಿ ಬಾಳುವ ಮನಸ್ಸಿರಲಿಲ್ಲ. ಹಿರಿಯರು ಐದು ಜನ ಕುಳಿತು, ಛಾಪಾ ಕಾಗದದ ಮೇಲೆ ‘ಇಂದಿನಿಂದ ನಮಗಿಬ್ಬರಿಗೂ ಗಂಡಹೆಂಡಿರ ಸಂಬಂಧವಿಲ್ಲ’ ಎಂದು ಬರೆಯಿಸಿ, ಇಬ್ಬರಿಂದಲೂ ರುಜು ಮಾಡಿಸಿದೆವು. ನಮ್ಮ ಅಕ್ಷರ ದುಂಡಗಿವೆಯೆಂದು ಆ ಕಾಗದವನ್ನು ಬರೆದವರೂ ನಾವೇ; ಸಾಕ್ಷಿಗಳಲ್ಲಿ ಎರಡನೆಯ ರುಜುವೂ ನಮ್ಮದೇ. ಜಗಳ ತೀರಿತೆಂಬ ಸಮಾಧಾನದಿಂದ ಮನೆಗೆ ಬಂದು ಸುಖವಾಗಿ ನಿದ್ರೆ ಮಾಡಿದೆವು.

ಆ ಹೆಣ್ಣುಮಗಳು ಎರಡು ವರ್ಷಗಳ ಮೇಲೆ ಮತ್ತೊಬ್ಬ ಸಜ್ಜನನ ಕೈಹಿಡಿದಳು. ಒಂದು ಹೆಣ್ಣು ಮಗುವೂ ಆಯಿತು. ಮಗು ಶಾಲೆಗೆ ಸೇರುವ ಹೊತ್ತಿಗೆ ಆತನು ಅಡಿಕೆಯ ಮರದಿಂದ ಬಿದ್ದು ತೀರಿಕೊಂಡನು. ತೋಟದ ಖಾತೆಗೆ ಹೆಸರು ಸೇರಿಸಬೇಕೆಂದಾಗ ಆತನ ಅಣ್ಣತಮ್ಮಂದಿರು ಒಂದೇ ಮಾತು ಕೇಳಿದರು: “ಇವಳ ಮೊದಲ ಗಂಡ ಬದುಕಿದ್ದಾನಲ್ಲ, ಬಿಡುಗಡೆಯ ಡಿಕ್ರಿ ಎಲ್ಲಿದೆ?” ಆಕೆ ನಮ್ಮ ದುಂಡಕ್ಷರದ ಕಾಗದವನ್ನು ತೋರಿಸಿದಳು. ಕೋರ್ಟು ಅದನ್ನು ಬಿಡುಗಡೆಯೆಂದು ಒಪ್ಪಲಿಲ್ಲ. ಮೊದಲಿನ ಲಗ್ನ ಊರ್ಜಿತವಾಗಿದ್ದುದರಿಂದ ಎರಡನೆಯದು ಕಾಯಿದೆಯ ಕಣ್ಣಿಗೆ ಲಗ್ನವೇ ಆಗಿರಲಿಲ್ಲ. ಮಗುವಿಗೆ ತಂದೆಯ ಸ್ವತ್ತಿನಲ್ಲಿ ಹಕ್ಕು ಉಳಿಯಿತು. ತಾಯಿಗೆ ಹೆಂಡತಿಯೆಂಬ ಹೆಸರೂ ಉಳಿಯಲಿಲ್ಲ. ಆಕೆ ಒಂದು ಸಂಜೆ ನಮ್ಮ ಜಗಲಿಗೆ ಬಂದು, ಕೋಪವಿಲ್ಲದೆ, “ನೀವು ಓದಿದವರಲ್ಲವೇ ಮೇಷ್ಟ್ರೇ, ಅದಕ್ಕೇ ರುಜು ಹಾಕಿದೆ” ಎಂದಳು. ಆ ಮಾತಿನ ಋಣವನ್ನು ತೀರಿಸಲು ಈ ಉಪನ್ಯಾಸ.

ಬಿಡುಗಡೆಯು ನಮ್ಮ ಧರ್ಮಕ್ಕೆ ಒಪ್ಪುವುದೇ ಎಂಬ ಆಕ್ಷೇಪಣೆಯು ಮೊದಲು ಏಳುತ್ತದೆ. ಲಗ್ನವು ಸಂಸ್ಕಾರವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪರಾಶರ ಸ್ಮೃತಿಯು ಗಂಡನು ಕಾಣೆಯಾದಾಗ, ಸತ್ತಾಗ, ಸನ್ಯಾಸಿಯಾದಾಗ, ಷಂಡನಾದಾಗ, ಪತಿತನಾದಾಗ ಹೆಣ್ಣಿಗೆ ಬೇರೆ ಪತಿಯನ್ನು ವಿಧಿಸುತ್ತದೆ. ಕೌಟಿಲ್ಯನು ಕೆಲವು ಬಗೆಯ ವಿವಾಹಗಳಲ್ಲಿ ಪರಸ್ಪರ ದ್ವೇಷದಿಂದ ಬಿಡುಗಡೆಯಾಗಬಹುದೆಂದು ಹೇಳಿದ್ದಾನೆ. ಕನ್ನಡ ನಾಡಿನ ಅನೇಕ ಜಾತಿಗಳಲ್ಲಿ ಬಿಡುಗಡೆಯೂ, ಉಡಿಕೆ ಕೂಡಿಕೆಗಳೆಂಬ ಮರುಮದುವೆಯೂ ಹಿಂದಿನಿಂದ ನಡೆದುಬಂದಿವೆ. ಆದುದರಿಂದ ಇದು ಪರದೇಶದಿಂದ ಹಡಗಿನಲ್ಲಿ ಬಂದ ಸರಕೆಂದು ಹೇಳುವುದು ಇತಿಹಾಸವನ್ನು ತಿಳಿಯದ ಮಾತು.

ಇನ್ನು ಕಾಯಿದೆಯ ಇತಿಹಾಸವನ್ನು ನೋಡಿದರೆ ನಮ್ಮ ನಾಡು ಹರಿದು ಹಂಚಿಹೋಗಿದ್ದುದರ ಫಲವನ್ನು ಈ ಮೂರು ತಾಲ್ಲೂಕುಗಳಲ್ಲಿ ಕಂಡಷ್ಟು ಚೆನ್ನಾಗಿ ಬೇರೆಲ್ಲಿಯೂ ಕಾಣಲಾರೆವು. ಅಂದು ಸಾಗರದ ತಾಳಗುಪ್ಪವನ್ನು ದಾಟಿ ಸಿದ್ದಾಪುರಕ್ಕೆ ಕಾಲಿಟ್ಟರೆ ಮುಂಬಯಿ ಪ್ರಾಂತ; ತೀರ್ಥಹಳ್ಳಿಯ ಆಗುಂಬೆ ಘಟ್ಟವನ್ನಾಗಲಿ, ಹೊಸನಗರದ ಹುಲಿಕಲ್ಲು ಘಟ್ಟವನ್ನಾಗಲಿ ಇಳಿದರೆ ಮದರಾಸು ಪ್ರಾಂತ; ನಡುವೆ ಮೈಸೂರು ಸಂಸ್ಥಾನ. ಮುಂಬಯಿ ಪ್ರಾಂತದಲ್ಲಿ 1947ರಲ್ಲಿ ಹಿಂದೂ ವಿವಾಹ ವಿಚ್ಛೇದನದ ಕಾಯಿದೆಯಾಯಿತು. ಮದರಾಸಿನಲ್ಲಿ 1949ರಲ್ಲಿ ದ್ವಿಪತ್ನೀತ್ವವನ್ನು ನಿಷೇಧಿಸಿ ವಿಚ್ಛೇದನವನ್ನು ಅನುಮತಿಸುವ ಕಾಯಿದೆಯಾಯಿತು. ಮೈಸೂರಿನಲ್ಲಿ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯಾಗಿ ಸ್ವತ್ತಿನ ವಿಷಯದಲ್ಲಿ ಅದು ಮುಂದಿತ್ತಾದರೂ ಲಗ್ನದ ಬಿಡುಗಡೆಯ ಮಾತು ಅದರಲ್ಲಿರಲಿಲ್ಲ. ಒಂದೇ ಮಾತು, ಒಂದೇ ಊಟ, ಒಂದೇ ಸೂತಕವುಳ್ಳ ಬೀಗರು ಘಟ್ಟದ ಮೇಲೂ ಕೆಳಗೂ ಇದ್ದರು; ಅಕ್ಕನಿಗೆ ಒಂದು ನ್ಯಾಯ, ತಂಗಿಗೆ ಒಂದು ನ್ಯಾಯ!

ಈ ತೊಡಕನ್ನು ಬಿಡಿಸಲು 1941ರಲ್ಲಿ ನೇಮಕವಾದ ಹಿಂದೂ ಕಾಯಿದೆಯ ಸಮಿತಿಗೆ ಅಧ್ಯಕ್ಷರಾಗಿದ್ದವರು ನಮ್ಮ ಕರಾವಳಿಯ ಬೆನಗಲ್ ನರಸಿಂಗರಾಯರು ಎಂಬುದನ್ನು ಕನ್ನಡಿಗರು ಮರೆಯತಕ್ಕದ್ದಲ್ಲ. ಆ ಸಮಿತಿಯು ಹಾಕಿದ ತಳಹದಿಯ ಮೇಲೆ ಡಾಕ್ಟರ್ ಅಂಬೇಡ್ಕರರು ಹಿಂದೂ ಸಂಹಿತೆಯ ಮಸೂದೆಯನ್ನು ಕೈಕೊಂಡರು. ಅದು ಮುಂದೆ ಸಾಗದೆ ಹೋದುದಕ್ಕಾಗಿಯೂ 1951ರಲ್ಲಿ ಮಂತ್ರಿಪದವನ್ನು ಬಿಟ್ಟರು. ಕೊನೆಗೆ 1955ನೆಯ ಮೇ 18ರಿಂದ ಹಿಂದೂ ವಿವಾಹ ಕಾಯಿದೆಯು ಜಾರಿಗೆ ಬಂದಿತು. ಮರುವರ್ಷ, 1956ನೆಯ ನವೆಂಬರ 1ರಂದು, ಕನ್ನಡ ನಾಡು ಒಂದಾಯಿತು. ನಾಡು ಒಂದಾಗುವ ಒಂದು ವರ್ಷ ಮೊದಲೇ ನಮ್ಮ ಹೆಣ್ಣುಮಕ್ಕಳಿಗೆ ಕಾಯಿದೆ ಒಂದಾಯಿತೆಂಬುದು ಸ್ಮರಣೀಯವಾದ ಸಂಗತಿ. ಆದರೆ ಪುಸ್ತಕದಲ್ಲಿ ಬಂದ ಕಾಯಿದೆಯು ಮನೆಯ ಹೊಸ್ತಿಲಿಗೆ ಬಂದಿದೆಯೇ? 1951ರಲ್ಲಿ ಇದೇ ಸಾಗರದ ಕಾಗೋಡಿನ ರೈತರು ಗೇಣಿಯ ಕೊಳಗದ ಅಳತೆ ಸರಿಯಿರಬೇಕೆಂದು ಎದ್ದು ನಿಂತರು. ಅಳತೆಯನ್ನು ತಾನೇ ತಿಳಿಯದವನಿಗೆ ಸರಿಯಾದ ಕೊಳಗ ದೊರೆಯದು. ಲಗ್ನದ ವಿಷಯದಲ್ಲಿಯೂ ಹಾಗೆಯೇ.

ಈಗ ಒಂದೊಂದೇ ಮೆಟ್ಟಲನ್ನು ನೋಡೋಣ.

ಮೊದಲನೆಯ ಮೆಟ್ಟಲು ಕೋರ್ಟಲ್ಲ, ಜೀವದ ರಕ್ಷಣೆ. ಹೊಡೆತ ಬಡಿತಗಳುಳ್ಳ ಮನೆಯಲ್ಲಿ ‘ಬಿಡುಗಡೆಯ ದಾವೆ ತೀರಲಿ, ಆಮೇಲೆ ನೋಡೋಣ’ ಎಂದು ಕಾಯುವುದು ಅವಿವೇಕ. ಕೌಟುಂಬಿಕ ಹಿಂಸೆಯಿಂದ ಹೆಂಗಸರನ್ನು ರಕ್ಷಿಸುವ 2005ರ ಕಾಯಿದೆಯು 2006ನೆಯ ಅಕ್ಟೋಬರದಿಂದ ಜಾರಿಯಲ್ಲಿದೆ. ಇದರ ಮೇರೆಗೆ ಹೆಂಡತಿಯು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟು ಗಂಡನು ಹತ್ತಿರ ಬಾರದಂತೆ ಆಜ್ಞೆಯನ್ನೂ, ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ, ಖರ್ಚಿಗೆ ಹಣವನ್ನೂ ಬೇಡಬಹುದು. ಮನೆ ಅತ್ತೆಮಾವಂದಿರ ಹೆಸರಿನಲ್ಲಿದೆಯೆಂಬ ಒಂದೇ ಕಾರಣದಿಂದ ಸೊಸೆಗೆ ಅಲ್ಲಿ ವಾಸದ ಹಕ್ಕಿಲ್ಲವೆನ್ನುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಮಾನಿಸಿತು. ಅರ್ಜಿ ಬರೆಯಲು ನೆರವಾಗುವ ರಕ್ಷಣಾಧಿಕಾರಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಅಂಗನವಾಡಿಗಳ ಮೇಲ್ವಿಚಾರಣೆ ಮಾಡುವ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ಆ ಕೆಲಸವನ್ನು ಒಪ್ಪಿಸಲಾಗಿದೆ. ಹಗಲಾಗಲಿ ರಾತ್ರಿಯಾಗಲಿ 181 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹೆಂಗಸರಿಗೆ ನೆರವು ದೊರೆಯುವುದು. ಪ್ರಾಣಕ್ಕೆ ಅಪಾಯವಾದರೆ 112.

ಎರಡನೆಯದು, ನಾವು ಮಾಡಿದ ತಪ್ಪನ್ನು ಮಾಡದಿರುವುದು. ಛಾಪಾ ಕಾಗದವಾಗಲಿ, ನೋಟರಿಯ ಮುದ್ರೆಯಾಗಲಿ, ಐದು ಜನ ಹಿರಿಯರ ರುಜುವಾಗಲಿ ಹಿಂದೂ ಲಗ್ನವನ್ನು ಬಿಡಿಸಲಾರವು. ಹಿಂದೂ ವಿವಾಹ ಕಾಯಿದೆಯ 29ನೆಯ ಕಲಮು ಜಾತಿಯ ರೂಢಿಯಿಂದ ಬರುವ ಬಿಡುಗಡೆಯನ್ನು ಉಳಿಸಿಕೊಂಡಿದೆ, ನಿಜ. ಆದರೆ ಅಂಥ ರೂಢಿಯು ತಮ್ಮ ಜಾತಿಯಲ್ಲಿ ಪುರಾತನವಾಗಿ, ತಪ್ಪದೆ, ಎಲ್ಲರಿಗೂ ಗೊತ್ತಿರುವಂತೆ ನಡೆದುಬಂದಿದೆಯೆಂದು ಹೇಳುವವನೇ ಅದನ್ನು ಕೋರ್ಟಿನಲ್ಲಿ ಸಿದ್ಧಪಡಿಸತಕ್ಕದ್ದು, ಅದು ಸುಲಭವಲ್ಲ. ಡಿಕ್ರಿಯಿಲ್ಲದೆ ಮತ್ತೊಂದು ಲಗ್ನವಾದರೆ ಅದು ಶೂನ್ಯ. ಮೇಲಾಗಿ ಭಾರತೀಯ ನ್ಯಾಯ ಸಂಹಿತೆಯ 82ನೆಯ ಕಲಮಿನ ಮೇರೆಗೆ ಶಿಕ್ಷಾರ್ಹವಾದ ಅಪರಾಧವೂ ಹೌದು. ಇಂಥ ಲಗ್ನದಿಂದ ಹುಟ್ಟಿದ ಮಕ್ಕಳು ಮಾತ್ರ ನಿರ್ದೋಷಿಗಳು. 16ನೆಯ ಕಲಮು ಅವರನ್ನು ಔರಸರೆಂದೇ ಎಣಿಸುತ್ತದೆ. ತಂದೆತಾಯಿಗಳ ಪಾಲಿಗೆ ಬಂದ ಸ್ವತ್ತಿನಲ್ಲಿ ಅವರಿಗೂ ಹಕ್ಕುಂಟೆಂದು ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪನವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಸ್ಪಷ್ಟಪಡಿಸಿತು. ಪಂಚಾಯಿತಿಗೆ ಇರುವ ಕೆಲಸ ರಾಜಿ ಮಾಡಿಸುವುದು, ಒಡವೆ ವಸ್ತುಗಳನ್ನು ಮರಳಿಸುವುದು, ಲಗ್ನವನ್ನು ಬಿಡಿಸುವುದಲ್ಲ.

ಮೂರನೆಯದಾಗಿ, ತಮ್ಮ ಲಗ್ನಕ್ಕೆ ಯಾವ ಕಾಯಿದೆ ಅನ್ವಯಿಸುವುದೆಂದು ತಿಳಿಯಬೇಕು. ಹಿಂದೂ ವಿವಾಹ ಕಾಯಿದೆಯು ವೀರಶೈವ ಲಿಂಗಾಯತರನ್ನು ಹೆಸರೆತ್ತಿಯೇ ಒಳಗೊಂಡಿದೆ. ಜೈನರಿಗೂ, ಬೌದ್ಧರಿಗೂ, ಸಿಖ್ಖರಿಗೂ ಅನ್ವಯಿಸುತ್ತದೆ. ಆದುದರಿಂದ ಹುಂಚದ ಜೈನ ಬಂಧುವಿಗೂ ಕೆಳದಿಯ ಲಿಂಗಾಯತ ಬಂಧುವಿಗೂ ದಾರಿ ಒಂದೇ. ಮುಸಲ್ಮಾನ ಹೆಣ್ಣುಮಗಳು 1939ರ ಕಾಯಿದೆಯ ಮೇರೆಗೆ ಕೋರ್ಟಿನಿಂದ ಬಿಡುಗಡೆ ಬೇಡಬಹುದು: ಗಂಡನು ನಾಲ್ಕು ವರ್ಷ ಕಾಣೆಯಾದರೆ, ಎರಡು ವರ್ಷ ಅನ್ನಬಟ್ಟೆಗೆ ಕೊಡದಿದ್ದರೆ, ಕ್ರೌರ್ಯ ನಡೆಸಿದರೆ ಇತ್ಯಾದಿ. ಒಂದೇ ಉಸಿರಿಗೆ ಮೂರು ಸಲ ತಲಾಕ್ ಹೇಳುವುದು ಸಲ್ಲದೆಂದು 2017ರಲ್ಲಿ ತೀರ್ಪಾಗಿ, 2019ರ ಕಾಯಿದೆಯಿಂದ ಅದು ಅಪರಾಧವೂ ಆಗಿದೆ. ಕ್ರೈಸ್ತರಿಗೆ 1869ರ ಕಾಯಿದೆ; 2001ರ ತಿದ್ದುಪಡಿಯಿಂದ ಅವರಿಗೂ ಪರಸ್ಪರ ಒಪ್ಪಿಗೆಯ ದಾರಿ ತೆರೆದಿದೆ. ರಿಜಿಸ್ಟ್ರಾರರ ಮುಂದೆ ವಿಶೇಷ ವಿವಾಹವಾದವರಿಗೆ 1954ರ ಕಾಯಿದೆ. ಇನ್ನು ಮುಂದೆ ಹೇಳುವುದು ಹೆಚ್ಚಾಗಿ ಹಿಂದೂ ವಿವಾಹ ಕಾಯಿದೆಗೆ ಸಂಬಂಧಪಟ್ಟುದೆಂದು ತಿಳಿಯತಕ್ಕದ್ದು.

ನಾಲ್ಕನೆಯದು ಕಾರಣದ ನಿಶ್ಚಯ. ದಾರಿಗಳು ಎರಡು. ಇಬ್ಬರೂ ಒಪ್ಪಿದರೆ ಒಂದು. ಒಬ್ಬರೇ ಬೇಡಿದರೆ ಮತ್ತೊಂದು.

ಇಬ್ಬರೂ ಒಪ್ಪಿ ಬಿಡುಗಡೆ ಪಡೆಯುವ ದಾರಿಯು 1976ರ ತಿದ್ದುಪಡಿಯಿಂದ ಬಂದುದು. ಅದು 13-ಬಿ ಕಲಮು. ಕನಿಷ್ಠ ಒಂದು ವರ್ಷ ಬೇರೆಬೇರೆಯಾಗಿ ಬಾಳಿದವರು ಕೂಡಿಯೇ ಅರ್ಜಿ ಕೊಡಬೇಕು. ಒಂದೇ ಸೂರಿನ ಕೆಳಗಿದ್ದರೂ ಗಂಡಹೆಂಡಿರಂತೆ ಬಾಳದಿದ್ದರೆ ಅದೂ ಬೇರೆ ಬಾಳಿದಂತೆಯೇ. ಅರ್ಜಿ ಕೊಟ್ಟ ಆರು ತಿಂಗಳ ಮೇಲೆ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೆ ಬಂದು ನಮ್ಮ ಮನಸ್ಸು ಬದಲಾಗಿಲ್ಲವೆಂದು ಹೇಳಿದರೆ ಕೋರ್ಟು ವಿಚಾರಿಸಿ ಡಿಕ್ರಿ ಕೊಡುವುದು. ರಾಜಿಯ ಆಸೆ ಸಂಪೂರ್ಣ ಕಡಿದುಹೋಗಿದ್ದು, ಜೀವನಾಂಶ ಮತ್ತು ಮಕ್ಕಳ ವಿಷಯಗಳು ಮೊದಲೇ ತೀರ್ಮಾನವಾಗಿದ್ದರೆ ಈ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ತೀರ್ಪಾಗಿದೆ. ಡಿಕ್ರಿಯಾಗುವವರೆಗೆ ಯಾರಾದರೊಬ್ಬರು ಒಪ್ಪಿಗೆಯನ್ನು ಹಿಂದೆ ತೆಗೆದುಕೊಳ್ಳಬಹುದೆಂಬುದನ್ನು ಮರೆಯಬಾರದು.

ಒಬ್ಬರೇ ಬೇಡುವುದಾದರೆ 13ನೆಯ ಕಲಮಿನ ಕಾರಣಗಳಲ್ಲಿ ಒಂದನ್ನಾದರೂ ಸಿದ್ಧಪಡಿಸಬೇಕು: ವ್ಯಭಿಚಾರ, ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ, ಮತಾಂತರ, ಕೂಡಿ ಬಾಳಲಾಗದಂಥ ಮನೋರೋಗ, ಸಾಂಕ್ರಾಮಿಕವಾದ ಗುಹ್ಯರೋಗ, ಸನ್ಯಾಸ, ಏಳು ವರ್ಷ ಬದುಕಿರುವ ಸುದ್ದಿಯಿಲ್ಲದಿರುವಿಕೆ. ಕುಷ್ಠರೋಗವೂ ಮೊದಲು ಈ ಪಟ್ಟಿಯಲ್ಲಿದ್ದಿತು. 2019ರಲ್ಲಿ ಅದನ್ನು ತೆಗೆದುಹಾಕಿದುದು ಯುಕ್ತವೇ ಆಯಿತು. ಕ್ರೌರ್ಯವೆಂದರೆ ಮೈಮೇಲಿನ ಬಾಸುಂಡೆ ಮಾತ್ರವಲ್ಲ. ಮನಸ್ಸಿಗೆ ಕೊಡುವ ಹಿಂಸೆಯೂ ಕ್ರೌರ್ಯವೇ. ಹೆಂಗಸರಿಗೆ ಪ್ರತ್ಯೇಕವಾಗಿ ಇನ್ನು ಕೆಲವು ಕಾರಣಗಳುಂಟು: ಹದಿನೈದು ತುಂಬುವ ಮೊದಲು ಲಗ್ನವಾದವಳು ಹದಿನೈದು ತುಂಬಿದ ಮೇಲೆ ಹದಿನೆಂಟರೊಳಗಾಗಿ ಆ ಲಗ್ನವನ್ನು ನಿರಾಕರಿಸಿದ್ದರೆ ಅದೂ ಒಂದು. ‘ಮನಸ್ಸು ಮುರಿದುಹೋಗಿದೆ’ ಎಂಬುದೊಂದೇ ನಮ್ಮ ಊರಿನ ಕೋರ್ಟಿನಲ್ಲಿ ಸಾಕಾಗದು. ಆ ಆಧಾರದ ಮೇಲೆ ಬಿಡುಗಡೆ ಕೊಡುವ ಅಧಿಕಾರವು ರಾಜ್ಯಾಂಗದ 142ನೆಯ ಅನುಚ್ಛೇದದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಮಾತ್ರ ಉಂಟೆಂದು 2023ರಲ್ಲಿ ತೀರ್ಮಾನವಾಗಿದೆ. ಲಗ್ನವಾದ ಒಂದು ವರ್ಷದೊಳಗೆ, ಅಸಾಧಾರಣ ಸಂಕಟವಿದ್ದ ಹೊರತು, ಬಿಡುಗಡೆಯ ಅರ್ಜಿಯನ್ನೇ ಕೊಡುವಂತಿಲ್ಲ. ಈ ಅಡ್ಡಿಯು ರಕ್ಷಣೆಯ ಅರ್ಜಿಗಾಗಲಿ ಜೀವನಾಂಶದ ಅರ್ಜಿಗಾಗಲಿ ಇಲ್ಲ. ಸಂಬಂಧವನ್ನು ಪೂರ್ತಿ ಕಡಿಯಲು ಮನಸ್ಸಿಲ್ಲದವರು 10ನೆಯ ಕಲಮಿನ ಮೇರೆಗೆ ನ್ಯಾಯಿಕ ಪ್ರತ್ಯೇಕತೆಯನ್ನು ಮಾತ್ರ ಕೇಳಬಹುದು.

ಐದನೆಯದು, ಯಾವ ಕೋರ್ಟು? ಈಗಿನ ಮಲೆನಾಡಿನ ಸಂಸಾರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹುಡುಗಿಯ ತವರು ತೀರ್ಥಹಳ್ಳಿ; ಲಗ್ನವಾದುದು ಸಾಗರದಲ್ಲಿ; ಇಬ್ಬರೂ ನೌಕರಿಯ ನಿಮಿತ್ತ ಬೆಂಗಳೂರಿನಲ್ಲಿ ಸಂಸಾರ ಹೂಡಿದರು; ಈಗ ಗಂಡನು ಹೊಸನಗರದ ತೋಟಕ್ಕೆ ಮರಳಿದ್ದಾನೆ, ಹೆಂಡತಿ ತವರಿಗೆ ಬಂದಿದ್ದಾಳೆ. 19ನೆಯ ಕಲಮಿನ ಮೇರೆಗೆ ಲಗ್ನವಾದ ಸ್ಥಳ, ಎದುರುಪಕ್ಷದವರು ವಾಸಿಸುವ ಸ್ಥಳ, ಇಬ್ಬರೂ ಕೊನೆಗೆ ಕೂಡಿ ಬಾಳಿದ ಸ್ಥಳ, ಈ ಮೂರರಲ್ಲಿ ಎಲ್ಲಿಯಾದರೂ ಅರ್ಜಿ ಹಾಕಬಹುದು. ಅರ್ಜಿದಾರಳು ಹೆಂಡತಿಯಾಗಿದ್ದರೆ ತಾನು ವಾಸಿಸುವ ಸ್ಥಳದಲ್ಲಿಯೇ ಹಾಕಬಹುದೆಂದು 2003ರ ತಿದ್ದುಪಡಿಯು ಹೇಳುತ್ತದೆ. ಹಾಗಾಗಿ ಈ ಹುಡುಗಿ ತೀರ್ಥಹಳ್ಳಿಯಿಂದಲೇ ನ್ಯಾಯ ಬೇಡಬಲ್ಲಳು. ಬೆಂಗಳೂರಿನ ಬಸ್ಸಿಗೆ ಹಣ ಹೊಂದಿಸಬೇಕಾಗಿಲ್ಲ. ಶಿವಮೊಗ್ಗೆಯಲ್ಲಿ ಕುಟುಂಬ ನ್ಯಾಯಾಲಯವುಂಟು. ಕುಟುಂಬ ನ್ಯಾಯಾಲಯದ ವ್ಯಾಪ್ತಿಗೆ ಒಳಪಡದ ತಾಲ್ಲೂಕುಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಈ ಅರ್ಜಿಗಳನ್ನು ವಿಚಾರಿಸುವರು. ಶರಾವತಿಯ ಹಿನ್ನೀರಿನ ಆಚೆಯ ತುಮರಿಯ ಕಡೆಯವರಿಗೆ ಸಾಗರದ ಕೋರ್ಟಿಗೆ ಬರುವುದೆಂದರೆ ಲಾಂಚಿಗಾಗಿ ಕಾಯುವ ಕೆಲಸವಾಗಿತ್ತು. ಅಂಬಾರಗೋಡ್ಲು-ಕಳಸವಳ್ಳಿಗಳ ನಡುವಣ ಸೇತುವೆ 2025ರ ಜುಲೈಯಲ್ಲಿ ತೆರೆದುದರಿಂದ ಆ ಕಷ್ಟವೂ ಕಡಮೆಯಾಗಿದೆ.

ಆರನೆಯದು ಕಾಗದಪತ್ರಗಳು. ನಮ್ಮ ಕಡೆಯ ಎಷ್ಟೋ ಲಗ್ನಗಳು ಅಂಗಳದ ಚಪ್ಪರದಲ್ಲಿ ಆದುವು. ಉಪನೋಂದಣಿ ಕಚೇರಿಗೆ ಹೋದವರು ವಿರಳ. ನೋಂದಣಿಯಾಗದ ಮಾತ್ರಕ್ಕೆ ಲಗ್ನ ಸುಳ್ಳಾಗದು. ಆದರೆ ರುಜುವಾತು ಬೇಕು. ಲಗ್ನಪತ್ರಿಕೆ, ಭಾವಚಿತ್ರಗಳು, ಧಾರೆಯೆರೆಸಿದ ಪುರೋಹಿತರ ಹೆಸರು, ಇಬ್ಬರ ಹೆಸರೂ ಇರುವ ಪಡಿತರ ಚೀಟಿ, ಮಕ್ಕಳ ಜನನ ಪತ್ರ, ಆಸ್ಪತ್ರೆಯ ಚೀಟಿಗಳು, ಪೊಲೀಸರಿಗೆ ಕೊಟ್ಟ ದೂರಿನ ನಕಲು, ಬರೆದ ಕಾಗದಗಳು, ದೂರವಾಣಿಗೆ ಬಂದ ಸಂದೇಶಗಳು: ಇವುಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ಜೋಡಿಸಿ, ನಕಲುಗಳನ್ನು ತವರಿನಲ್ಲಿಯೋ ನಂಬಿಕೆಯವರಲ್ಲಿಯೋ ಇಡಬೇಕು. ಸಂದೇಶಗಳನ್ನು ಅಳಿಸಬಾರದು, ಆ ಸಾಧನವನ್ನು ಮಾರಲೂಬಾರದು. ತವರಿನಿಂದ ಬಂದ ಬಂಗಾರ, ಪಾತ್ರೆ, ಸೀರೆಗಳ ಪಟ್ಟಿಯನ್ನು ಬರೆದಿಡಬೇಕು, ಅದು ಸ್ತ್ರೀಧನ. ಗಂಡನ ಕೈಯಲ್ಲಿದ್ದರೂ ಅದರ ಒಡೆತನ ಹೆಂಡತಿಯದೇ ಎಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿಯೇ ಹೇಳಿದೆ.

ಏಳನೆಯದು ವಕೀಲರು. ‘ವಕೀಲರಿಗೆ ಕೊಡಲು ಹಣವಿಲ್ಲ’ ಎಂಬ ಮಾತೇ ಅನೇಕರನ್ನು ಛಾಪಾ ಕಾಗದದ ಕಡೆಗೆ ನೂಕುವುದು. ಇದಕ್ಕೆ ಪರಿಹಾರವಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನ ಮೇರೆಗೆ ಹೆಣ್ಣುಮಕ್ಕಳೆಲ್ಲರೂ, ವರಮಾನವೆಷ್ಟೇ ಇರಲಿ, ಸರಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯಲು ಅರ್ಹರು. ಪರಿಶಿಷ್ಟ ಜಾತಿ ಪಂಗಡದವರೂ, ಅಂಗವಿಕಲರೂ, ಗೊತ್ತುಪಡಿಸಿದ ವರಮಾನಕ್ಕಿಂತ ಕಡಮೆಯುಳ್ಳ ಗಂಡಸರೂ ಅರ್ಹರೇ. ತಾಲ್ಲೂಕಿನ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ ಒಂದು ಅರ್ಜಿ ಕೊಡತಕ್ಕದ್ದು. ಯಾವ ಕೋರ್ಟಿಗೆ ಹೋಗಬೇಕೆಂಬ ಸಂಶಯವನ್ನೂ ಅಲ್ಲಿಯೇ ಬಗೆಹರಿಸಿಕೊಳ್ಳಬಹುದು. 15100 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೂ ಸಲಹೆ ದೊರೆಯುವುದು. ಈ ಒಂದು ಸಂಗತಿಯನ್ನು ನೀವು ಮನೆಗೆ ಒಯ್ದರೂ ನಮ್ಮ ಶ್ರಮ ಸಾರ್ಥಕ.

ಎಂಟನೆಯದು ಅನ್ನ ಮತ್ತು ಮಕ್ಕಳು. ದಾವೆ ತೀರುವತನಕ ಏನು ಉಣ್ಣಬೇಕು? 24ನೆಯ ಕಲಮಿನ ಮೇರೆಗೆ, ಸ್ವಂತ ವರಮಾನ ಸಾಲದವರು ದಾವೆ ನಡೆಯುವಾಗಲೇ ಮಧ್ಯಂತರ ಜೀವನಾಂಶವನ್ನೂ ದಾವೆಯ ಖರ್ಚನ್ನೂ ಬೇಡಬಹುದು. ನೋಟೀಸು ತಲಪಿದ 60 ದಿನಗಳೊಳಗೆ ಸಾಧ್ಯವಿದ್ದಷ್ಟು ಮಟ್ಟಿಗೆ ಇದನ್ನು ತೀರ್ಮಾನಿಸಬೇಕೆಂದು ಕಾಯಿದೆಯ ಆಶಯ. ಈ ಹಕ್ಕು ಗಂಡಸರಿಗೂ ಉಂಟು. ಬಿಡುಗಡೆಯನ್ನೇ ಬೇಡದವರೂ, 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನ ಸ್ಥಾನದಲ್ಲಿ 2024ನೆಯ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನ ಮೇರೆಗೆ ಹೆಂಡತಿಗೂ ಮಕ್ಕಳಿಗೂ ಜೀವನಾಂಶ ಕೇಳಬಹುದು. 2020ರ ಒಂದು ತೀರ್ಪಿನ ಪ್ರಕಾರ ಇಬ್ಬರೂ ತಮ್ಮ ಆಸ್ತಿ, ವರಮಾನ, ಸಾಲಗಳನ್ನು ಪ್ರಮಾಣಪತ್ರದಲ್ಲಿ ತೋರಿಸಬೇಕು. ಜೀವನಾಂಶವು ಅರ್ಜಿ ಕೊಟ್ಟ ದಿನದಿಂದಲೇ ಸಲ್ಲಬೇಕು. ಮಲೆನಾಡಿನಲ್ಲಿ ‘ತೋಟ ಅಪ್ಪನ ಹೆಸರಿನಲ್ಲಿದೆ, ನನಗೇನೂ ಇಲ್ಲ’ ಎಂಬ ಉತ್ತರ ಸಾಮಾನ್ಯ. ಆದುದರಿಂದ ಪಹಣಿಯ ನಕಲು, ಅಡಿಕೆ ಹಾಕಿದ ಸಹಕಾರ ಸಂಘದ ಲೆಕ್ಕ ಮೊದಲಾದುವನ್ನು ವಕೀಲರ ಗಮನಕ್ಕೆ ತರಬೇಕು. ಮಕ್ಕಳ ವಿಷಯದಲ್ಲಿ ಕೋರ್ಟು ನೋಡುವುದು ಮಗುವಿನ ಹಿತವನ್ನು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕುದೆಂದು 1956ರ ಕಾಯಿದೆಯು ಹೇಳುತ್ತದೆ. ಮಗುವನ್ನು ಶಾಲೆಯಿಂದ ಎತ್ತಿಕೊಂಡು ಹೋಗುವುದು, ಅಡಗಿಸಿಡುವುದು ಯಾರಿಗೂ ಶ್ರೇಯಸ್ಕರವಲ್ಲ.

ಒಂಬತ್ತನೆಯದು, ಅರ್ಜಿ ಹಾಕಿದವರಿಗಲ್ಲ, ಅರ್ಜಿಯ ನೋಟೀಸು ಬಂದವರಿಗೆ. ‘ನಾನು ರುಜು ಮಾಡದಿದ್ದರೆ ಬಿಡುಗಡೆಯಾಗುವುದು ಹೇಗೆ?’ ಎಂದು ನೋಟೀಸನ್ನು ಹಿಂದಕ್ಕೆ ಕಳಿಸುವವರುಂಟು. ಇದು ದೊಡ್ಡ ತಪ್ಪು. ಎದುರುಪಕ್ಷದವರು ಬಾರದಿದ್ದರೆ ಕೋರ್ಟು ಏಕಪಕ್ಷೀಯವಾಗಿ ವಿಚಾರಿಸಿ ಡಿಕ್ರಿ ಕೊಡಬಲ್ಲುದು. ಅದನ್ನು ರದ್ದುಪಡಿಸಲು ಡಿಕ್ರಿಯ ದಿನದಿಂದ, ನೋಟೀಸು ಸರಿಯಾಗಿ ತಲಪದೆ ಇದ್ದಲ್ಲಿ ಅದು ತಿಳಿದ ದಿನದಿಂದ, 30 ದಿನ ಮಾತ್ರ ಅವಕಾಶ. ಡಿಕ್ರಿಯ ಮೇಲೆ ಅಪೀಲು ಮಾಡಲು ಹಿಂದೂ ವಿವಾಹ ಕಾಯಿದೆಯು 90 ದಿನ ಕೊಟ್ಟಿದೆ. ಅಪೀಲಿನ ವಾಯಿದೆ ಕಳೆಯುವವರೆಗೆ, ಅಪೀಲಾದರೆ ಅದು ತೀರುವವರೆಗೆ, ಡಿಕ್ರಿ ಪಡೆದವರೂ ಮರುಮದುವೆಗೆ ಅವಸರ ಮಾಡಕೂಡದು.

ಮಾನ ಹೋಗುವುದೆಂಬ ಭಯವುಳ್ಳವರಿಗೆ ಒಂದು ಮಾತು. 22ನೆಯ ಕಲಮಿನ ಮೇರೆಗೆ ಈ ವಿಚಾರಣೆ ಮುಚ್ಚಿದ ಬಾಗಿಲಿನೊಳಗೆ ನಡೆಯುತ್ತದೆ. ಅಪ್ಪಣೆಯಿಲ್ಲದೆ ಅದನ್ನು ಪತ್ರಿಕೆಯಲ್ಲಿ ಅಚ್ಚು ಮಾಡುವುದೂ ದಂಡನೀಯ. ಬಿಡುಗಡೆ ಕೊಡುವ ಮೊದಲು, ಸಾಧ್ಯವಿದ್ದಲ್ಲೆಲ್ಲ ಇಬ್ಬರನ್ನೂ ಕೂಡಿಸಲು ಪ್ರಯತ್ನಿಸುವುದು ನ್ಯಾಯಾಧೀಶರ ಕರ್ತವ್ಯವೆಂದು 23ನೆಯ ಕಲಮು ವಿಧಿಸಿದೆ. ಕೋರ್ಟಿನ ಮೆಟ್ಟಲು ಹತ್ತಿದ ಮಾತ್ರಕ್ಕೆ ಮನೆ ಮುರಿಯಿತೆನ್ನುವುದು ಸರಿಯಲ್ಲ. ಮಧ್ಯಸ್ಥರ ಮುಂದೆ ಕುಳಿತು, ಮನಸ್ಸು ತಿಳಿಯಾಗಿ, ಅಲ್ಲಿಂದಲೇ ಜೊತೆಯಾಗಿ ಮನೆಗೆ ಹೋದವರೂ ಉಂಟು. ಹಾಗೆಯೇ ಸೇಡಿಗಾಗಿ ಸುಳ್ಳು ದೂರು ಕೊಡುವುದರಿಂದ ನಿಜವಾದ ನೊಂದವರ ಮಾತೂ ಹಗುರವಾಗುತ್ತದೆಂಬುದನ್ನು ಎರಡೂ ಕಡೆಯವರು ತಿಳಿಯಬೇಕು.

ಉಪಾಧ್ಯಾಯ ಬಂಧುಗಳೇ, ಇನ್ನು ತಮ್ಮಲ್ಲಿ ನಮ್ಮ ಪ್ರಾರ್ಥನೆ. ಹಳ್ಳಿಯಲ್ಲಿ ಕಾಗದ ಬರೆಯುವವರು ಇಂದಿಗೂ ನೀವೇ. ಯಾರಾದರೂ ಬಿಡುಗಡೆಯ ಕಾಗದ ಬರೆದುಕೊಡಿರೆಂದು ನಿಮ್ಮ ಬಾಗಿಲಿಗೆ ಬಂದರೆ ಲೇಖನಿಯನ್ನು ಕೆಳಗಿಡಿರಿ. ‘ಇದರಿಂದ ಲಗ್ನ ಬಿಡದು, ನಾಳೆ ನನ್ನೊಡನೆ ತಾಲ್ಲೂಕಿಗೆ ಬನ್ನಿ’ ಎಂದು ಹೇಳಿ, ಕಾನೂನು ಸೇವಾ ಸಮಿತಿಯ ಬಾಗಿಲವರೆಗೆ ಜೊತೆಗೆ ಹೋಗಿರಿ. ಅದಕ್ಕೆ ಅರ್ಧ ದಿನದ ರಜೆ ಸಾಕು. ನಾವು ಆ ಅರ್ಧ ದಿನವನ್ನು ಕೊಡದೆ ಹೋದೆವು; ಒಬ್ಬ ತಾಯಿ ಅದರ ಬೆಲೆಯನ್ನು ತೆತ್ತಳು.

ಆ ಕಾಗದದ ನಕಲು ಇಂದಿಗೂ ನಮ್ಮ ಪೆಟ್ಟಿಗೆಯಲ್ಲಿದೆ. ಅದನ್ನು ಹರಿದುಹಾಕಬೇಕೆಂದು ಎಷ್ಟೋ ಸಲ ತೋರಿತು, ಹರಿಯಲಿಲ್ಲ. ಯಾರಾದರೂ ಸಲಹೆ ಕೇಳಲು ಬಂದಾಗ ಅದನ್ನು ತೆಗೆದು ತೋರಿಸುತ್ತೇವೆ. ಆಕೆಯ ಮಗಳು ಈಗ ಕಾಲೇಜಿನಲ್ಲಿ ಓದುತ್ತಿದ್ದಾಳೆ. ತೋಟದಲ್ಲಿ ತನ್ನ ಪಾಲನ್ನು ಕೋರ್ಟಿನ ಮುಖಾಂತರವೇ ಪಡೆದು, ತಾಯಿಯನ್ನು ಅಲ್ಲಿಯೇ ಇರಿಸಿಕೊಂಡಿದ್ದಾಳೆ. ಕಾಯಿದೆಯು ತಾಯಿಗೆ ಕೊಡದ ಮನೆಯನ್ನು ಮಗಳು ಕೊಟ್ಟಳು. ಆದರೆ ಎಲ್ಲ ತಾಯಂದಿರಿಗೂ ಅಂಥ ಮಗಳು ಇರುವಳೆಂದು ನಂಬಿ ನಾವು ಸುಮ್ಮನಿರಲಾಗದು.